ಸೆಪ್ಟೆಂಬರ್ 10ರ ಜಾಥಾ ಮುಗಿದ ಮೇಲೆ ಊರಿನವರು ಮಾಡಬೇಕಾದ ಕೆಲಸ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಒಂದು ಗ್ರಾಮ. ನಾನು ಯುವಕ ಸಂಘದ ಕಾರ್ಯದರ್ಶಿ. ಕಳೆದ ಒಂದೂವರೆ ವರ್ಷದಲ್ಲಿ ನಮ್ಮೂರಿನ ಇಬ್ಬರು ಆತ್ಮಹತ್ಯೆಯಿಂದ ತೀರಿಕೊಂಡರು. ಒಬ್ಬರು ಐವತ್ತು ದಾಟಿದ ಬೆಳೆಗಾರರು, ಇನ್ನೊಬ್ಬ ಕಾಲೇಜಿಗೆ ಹೋಗುತ್ತಿದ್ದ ಹುಡುಗ. ಈ ಸಲ ಸೆಪ್ಟೆಂಬರ್ 10ರ ಆತ್ಮಹತ್ಯೆ ತಡೆ ದಿನಕ್ಕೆ ಜಾಥಾ, ಬೀದಿನಾಟಕ, ಒಂದು ಭಾಷಣ ಇಟ್ಟುಕೊಳ್ಳೋಣ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಸುಮಾರು ಇಪ್ಪತ್ತು ಸಾವಿರ ರೂಪಾಯಿ ಸೇರಿದೆ. ಆದರೆ ಊರಿನ ಹಿರಿಯರು, 'ಅದರ ಮಾತೆತ್ತಿದರೆ ಇನ್ನೊಬ್ಬರ ತಲೆಗೆ ಹೊಕ್ಕುತ್ತೆ, ಸುಮ್ಮನಿರಿ' ಅನ್ನುತ್ತಿದ್ದಾರೆ. ಪೊಲೀಸು, ಕೇಸು ಅನ್ನುವ ಭಯವೂ ಜನರಿಗಿದೆ. ಇಂಥ ಕಾರ್ಯಕ್ರಮದಿಂದ ನಿಜಕ್ಕೂ ಪ್ರಯೋಜನ ಇದೆಯೇ? ನಾವು ಏನು ಮಾಡಿದರೆ ಒಳ್ಳೆಯದು?

ಉತ್ತರ: ಇಬ್ಬರನ್ನು ಕಳೆದುಕೊಂಡ ಮೇಲೂ ನಿಮ್ಮ ಸಂಘ ಕೈಕಟ್ಟಿ ಕೂರದೆ ಏನಾದರೂ ಮಾಡಬೇಕೆಂದು ಹೊರಟಿದೆ. ಅದಕ್ಕೆ ಮೊದಲು ನಿಮ್ಮೆಲ್ಲರಿಗೂ ನಮಸ್ಕಾರ. ಜಾಥಾ ಮಾಡಿ, ಬೇಡ ಅನ್ನುವುದಿಲ್ಲ. 2003ರಿಂದ ಜಗತ್ತಿನಾದ್ಯಂತ ಸೆಪ್ಟೆಂಬರ್ 10ನ್ನು ಆತ್ಮಹತ್ಯೆ ತಡೆ ದಿನವಾಗಿ ಆಚರಿಸುತ್ತಿದ್ದಾರೆ, ಆ ದಿನ ನಾಲ್ಕು ಜನ ಸೇರಿ ಬಾಯಿಬಿಟ್ಟು ಮಾತಾಡುವುದಕ್ಕೂ ಬೆಲೆಯಿದೆ. ಆದರೆ ಮನೋವೈದ್ಯನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಥಾದಿಂದ ಊರಿಗೆ ವಿಷಯ ಮುಟ್ಟುತ್ತದೆ, ಅಷ್ಟೇ. ಜೀವ ಉಳಿಯಬೇಕಾದರೆ ಊರಿನಲ್ಲಿ ನೇರವಾಗಿ ಕೇಳಬಲ್ಲ ಕೆಲವರು ಇರಬೇಕು, ಮನೆಯಲ್ಲಿರುವ ಅಪಾಯದ ವಸ್ತುಗಳಿಗೆ ಬೀಗ ಬೀಳಬೇಕು, ಒಮ್ಮೆ ಆಸ್ಪತ್ರೆ ಸೇರಿ ಬಂದವರ ಮನೆಗೆ ತಿಂಗಳುಗಟ್ಟಲೆ ಯಾರಾದರೂ ಹೋಗಿ ಬರುತ್ತಿರಬೇಕು. ನಿಮ್ಮ ಇಪ್ಪತ್ತು ಸಾವಿರದಲ್ಲಿ ದೊಡ್ಡ ಪಾಲು ಇವುಗಳಿಗೆ ಹೋಗಲಿ. ಟೀ ಶರ್ಟ್, ಫ್ಲೆಕ್ಸ್ ಕಡಿಮೆಯಾದರೂ ನಡೆಯುತ್ತದೆ.

ಹಿರಿಯರ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ, ಆ ಅರ್ಧ ಯಾವುದು ಅನ್ನುವುದು ಮುಖ್ಯ. ಕಂಗೆಟ್ಟು ಕೂತಿರುವ ಒಬ್ಬ ಮನುಷ್ಯನನ್ನು ಒಂದು ಕಡೆ ಕರೆದು, 'ಸಾಯಬೇಕು ಅಂತ ಅನ್ನಿಸಿದೆಯಾ?' ಎಂದು ಕೇಳಿದರೆ ಅವನ ತಲೆಗೆ ಹೊಸದಾಗಿ ಏನೂ ಹೊಕ್ಕುವುದಿಲ್ಲ. ಈ ಪ್ರಶ್ನೆಯನ್ನೇ ಇಟ್ಟುಕೊಂಡು ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2014ರಲ್ಲಿ ಪ್ರಕಟವಾಗಿದೆ. ಕೇಳಿದ್ದರಿಂದ ಯೋಚನೆ ಹೆಚ್ಚಾಗಿದ್ದು ಎಲ್ಲೂ ಕಾಣಲಿಲ್ಲ, ಬದಲಿಗೆ ಮನಸ್ಸು ಹಗುರವಾಗುವ ಸೂಚನೆಯೇ ಕಂಡಿತು. ನಮ್ಮ ಓಪಿಡಿಯಲ್ಲೂ ನಾನು ಕಾಣುವುದು ಅದನ್ನೇ. ಆ ಪ್ರಶ್ನೆ ಕೇಳಿದ ತಕ್ಷಣ ಎಷ್ಟೋ ಜನ ಒಂದು ದೊಡ್ಡ ಉಸಿರು ಬಿಡುತ್ತಾರೆ, ಆಮೇಲೆ ಮಾತು ಬರುತ್ತದೆ.

ಹಿರಿಯರ ಭಯ ನಿಜವಾಗುವುದು ಬೇರೆ ಕಡೆ. ಯಾರು, ಎಲ್ಲಿ, ಯಾವ ರೀತಿ ಎಂದು ವಿವರವಾಗಿ ಹೇಳುವುದು, ತೋರಿಸುವುದು, ಸತ್ತವರನ್ನು ಹೊಗಳಿ ಎತ್ತರದಲ್ಲಿ ಕೂರಿಸುವುದು, ಇವು ಅಪಾಯ. ಅಂಥ ಸುದ್ದಿ ಜೋರಾಗಿ ಹರಡಿದ ನಂತರ ಅದೇ ವಯಸ್ಸಿನ, ಅದೇ ಕಷ್ಟದಲ್ಲಿರುವ ಇನ್ನೊಬ್ಬರು ಅದೇ ದಾರಿ ಹಿಡಿಯುವುದನ್ನು ಎಷ್ಟೋ ದೇಶಗಳಲ್ಲಿ ಗಮನಿಸಿದ್ದಾರೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟಿತು: ಮುಖಪುಟದಲ್ಲಿ ಎದ್ದುಕಾಣುವಂತೆ ಹಾಕಬೇಡಿ, ವಿಧಾನ ಬರೆಯಬೇಡಿ, ಜಾಗದ ವಿವರ ಕೊಡಬೇಡಿ, ಫೋಟೊ ಹಾಕಬೇಡಿ. ನಿಮ್ಮ ಬೀದಿನಾಟಕಕ್ಕೂ ಇದೇ ಕಟ್ಟಳೆ. ಸಾವಿನ ದೃಶ್ಯ ಬೇಡವೇ ಬೇಡ. ತಾಯಿ ಎದೆ ಬಡಿದುಕೊಂಡು ಅಳುವ ಕೊನೆಯ ದೃಶ್ಯವೂ ಬೇಡ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ ನಿಜ. ಆದರೆ ಒಳಗೊಳಗೇ ನೊಂದಿರುವ ಹುಡುಗನಿಗೆ ಅದು 'ಆಗಲಾದರೂ ಇವರಿಗೆ ನನ್ನ ಬೆಲೆ ಗೊತ್ತಾಗುತ್ತೆ' ಎಂದು ಕೇಳಿಸಬಹುದು. ನಾಟಕದಲ್ಲಿ ತೋರಿಸಬೇಕಾದ್ದು ಒಬ್ಬರು ಕೇಳಿದ್ದು, ಇನ್ನೊಬ್ಬರು ಹೇಳಿಕೊಂಡದ್ದು, ಮಾರನೇ ದಿನ ಇಬ್ಬರೂ ಬಸ್ಸು ಹತ್ತಿ ಮಡಿಕೇರಿಯ ಆಸ್ಪತ್ರೆಗೆ ಹೋದದ್ದು. ತೀರಿಕೊಂಡ ಇಬ್ಬರ ಫೋಟೊವನ್ನು ಬ್ಯಾನರಿಗೆ ಹಾಕಬೇಡಿ, ಅವರ ಹೆಸರು ಹಿಡಿದು ಭಾಷಣ ಮಾಡಿಸಬೇಡಿ. 'ಸಾಲಕ್ಕೆ ಹೀಗಾಯ್ತು', 'ಫೇಲಾಗಿದ್ದಕ್ಕೆ ಹೀಗಾಯ್ತು' ಎಂದು ಒಂದೇ ಕಾರಣಕ್ಕೆ ಕಟ್ಟಿಹಾಕುವುದೂ ತಪ್ಪು. ಸಾಲ, ಕುಡಿತ, ಖಿನ್ನತೆ, ಮನೆಯ ಜಗಳ, ದೇಹದ ಕಾಯಿಲೆ, ಅವಮಾನ ಹೀಗೆ ಹಲವು ಒಂದರ ಮೇಲೊಂದು ಬಿದ್ದಾಗ ಆಗುವುದು ಅದು.

ಇನ್ನೊಂದು ಮಾತು, ಇದು ಸಂಘದ ಕೈಯಲ್ಲೇ ಇರುವ ಕೆಲಸ. ಊರಿನ ವಾಟ್ಸಾಪ್ ಗುಂಪಿನ ಅಡ್ಮಿನ್ ಯಾರೋ ಅವರನ್ನು ಮೊದಲು ಕೂರಿಸಿ ಮಾತಾಡಿ. ಇಂಥದ್ದೇನಾದರೂ ಆದರೆ ಅರ್ಧ ಗಂಟೆಯಲ್ಲಿ ಫೋಟೊ, ಬರೆದಿಟ್ಟ ಚೀಟಿ, ಧ್ವನಿಮುದ್ರಿಕೆ ಎಲ್ಲ ಗುಂಪಿನಿಂದ ಗುಂಪಿಗೆ ಓಡುತ್ತವೆ. ಅವನ್ನು ತಕ್ಷಣ ಅಳಿಸಿ, ಮುಂದಕ್ಕೆ ಕಳಿಸಬೇಡಿ ಎಂದು ಹೇಳುವ ಒಬ್ಬ ಗಟ್ಟಿ ಅಡ್ಮಿನ್ ಹತ್ತು ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತಾನೆ.

ಈಗ ಕೇಳುವ ವಿಷಯಕ್ಕೆ ಬರೋಣ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಗೇಟ್‌ಕೀಪರ್ ತರಬೇತಿ ಎಂದು ಒಂದಿದೆ. ಅದರಲ್ಲಿ ಡಾಕ್ಟರಲ್ಲದವರಿಗೆ, ಅಂದರೆ ಆಶಾ ಕಾರ್ಯಕರ್ತೆ, ಮೇಷ್ಟ್ರು, ಅಂಗನವಾಡಿ ಟೀಚರ್, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಸಂಘದ ಹುಡುಗರು, ಸ್ತ್ರೀಶಕ್ತಿ ಗುಂಪಿನ ಹೆಂಗಸರು ಇಂಥವರಿಗೆ ಮೂರು ಹೆಜ್ಜೆ ಕಲಿಸುತ್ತಾರೆ. ಗುರುತಿಸಿ ನೇರವಾಗಿ ಕೇಳುವುದು, ಸಹಾಯ ಪಡೆಯಲು ಒಪ್ಪಿಸುವುದು, ಸಹಾಯ ಸಿಗುವ ಕಡೆಗೆ ಮುಟ್ಟಿಸುವುದು. ಅರ್ಧ ದಿನದ ತರಬೇತಿ ಸಾಕು. ಪ್ರತಿ ಜಿಲ್ಲೆಯಲ್ಲೂ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಆಪ್ತಸಮಾಲೋಚಕರು, ಸಮುದಾಯದ ನರ್ಸ್ ಇರುತ್ತಾರೆ. ಜನರ ನಡುವೆ ಹೋಗಿ ತಿಳಿವಳಿಕೆ ಕೊಡುವುದೂ ಅವರ ಕೆಲಸದಲ್ಲೇ ಸೇರಿದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ. ಅಲ್ಲಿನ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಮನವಿ ಕೊಡಿ. 'ಭಾಷಣಕ್ಕೆ ಬನ್ನಿ' ಎಂದು ಕೇಳಬೇಡಿ, 'ನಮ್ಮ ಹದಿನೈದು ಜನಕ್ಕೆ ತರಬೇತಿ ಕೊಡಿ' ಎಂದು ಕೇಳಿ.

ಯಾರನ್ನು ಕೇಳಬೇಕು? ಮೊದಲು ಕಣ್ಣಿಗೆ ಬೀಳುವುದು ಬದಲಾವಣೆ. ಪ್ರತಿ ಭಾನುವಾರ ಮೈದಾನಕ್ಕೆ ಬರುತ್ತಿದ್ದವರು ಬರುವುದಿಲ್ಲ. ಕುಡಿತ ಒಮ್ಮೆಲೇ ಏರುತ್ತದೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ. 'ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ' ಎನ್ನುವ ಮಾತು ಬರುತ್ತದೆ. ತಮಗೆ ಪ್ರಿಯವಾದ ವಸ್ತುಗಳನ್ನು ಕೊಟ್ಟುಬಿಡುತ್ತಾರೆ. ಆರ್‌ಟಿಸಿ, ಪಾಸ್‌ಬುಕ್, ಇನ್ಶೂರೆನ್ಸ್ ಕಾಗದ ಎಲ್ಲ ಒಂದು ಕಡೆ ಜೋಡಿಸಿಟ್ಟು ಹೆಂಡತಿಗೆ ತೋರಿಸಿಕೊಡುತ್ತಾರೆ. ತುಂಬ ದಿನ ಕಂಗೆಟ್ಟಿದ್ದವರು ಇದ್ದಕ್ಕಿದ್ದಂತೆ ಶಾಂತವಾಗುವುದೂ ಕೆಲವೊಮ್ಮೆ ಒಳ್ಳೆಯ ಲಕ್ಷಣವಲ್ಲ. 'ಹೇಳೋರು ಮಾಡಲ್ಲ, ಮಾಡೋರು ಹೇಳಲ್ಲ' ಅನ್ನುವ ಮಾತನ್ನು ನಮ್ಮ ಊರುಗಳಲ್ಲಿ ಬಹಳ ಕೇಳಿದ್ದೇನೆ. ಅದು ಸುಳ್ಳು. ಹೆಚ್ಚಿನವರು ಮೊದಲು ಯಾರಿಗಾದರೂ, ಹೇಗಾದರೂ ಸೂಚನೆ ಕೊಟ್ಟಿರುತ್ತಾರೆ.

ಹೇಗೆ ಕೇಳಬೇಕು? ತರಬೇತಿಯಲ್ಲಿ ನಾವು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಈ ಸಂಭಾಷಣೆಯನ್ನು ಬಾಯಿಬಿಟ್ಟು ಆಡಿಸುತ್ತೇವೆ, ಏಕೆಂದರೆ ಮೊದಲ ಸಲ ಆ ಪ್ರಶ್ನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಸಂಘದ ಹುಡುಗನೊಬ್ಬ ಪಕ್ಕದ ತೋಟದ ಹಿರಿಯರ ಮನೆಗೆ ಹೋಗಿದ್ದಾನೆ ಅಂದುಕೊಳ್ಳಿ.

'ಅಣ್ಣ, ಈಚೆಗೆ ನೀವು ಪೇಟೆ ಕಡೆಗೇ ಕಾಣ್ತಾ ಇಲ್ಲ. ಮದುವೆಗೂ ಬರ್ಲಿಲ್ಲ. ಸೊರಗಿದ್ದೀರಿ ಬೇರೆ.'

'ಹಂಗೇನಿಲ್ಲ ಮಾರಾಯ. ಮಳೆ ಅಲ್ವಾ.'

'ಮಳೆ ಪ್ರತಿ ವರ್ಷ ಇರುತ್ತೆ ಅಣ್ಣ. ನಿಮ್ಮನ್ನ ನೋಡಿ ನಂಗೆ ಮನಸ್ಸು ತಡೀಲಿಲ್ಲ, ಅದಕ್ಕೇ ಬಂದೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಷ್ಟ ಮೇಲಿಂದ ಮೇಲೆ ಬಂದಾಗ ಎಷ್ಟೋ ಜನಕ್ಕೆ ಸತ್ತುಹೋಗೋಣ ಅನ್ಸುತ್ತೆ. ನಿಮಗೂ ಹಂಗೆ ಅನ್ಸಿದ್ಯಾ?'

ಇಲ್ಲಿ ನಿಲ್ಲಿಸಬೇಕು. ಸುಮ್ಮನಿರಬೇಕು. ಉತ್ತರ ಬರಲು ಒಂದು ನಿಮಿಷ ಹಿಡಿದರೂ ಮಧ್ಯೆ ಬಾಯಿ ಹಾಕಬಾರದು. 'ನೀವು ಅಂಥದ್ದೆಲ್ಲ ಏನೂ ಯೋಚನೆ ಮಾಡ್ತಿಲ್ಲ ತಾನೆ?' ಎಂದು ಕೇಳಿದರೆ ಅವರು 'ಇಲ್ಲ' ಅಂದುಬಿಡುತ್ತಾರೆ, ಕೇಳಿದವನಿಗೆ ಬೇಕಾದ ಉತ್ತರ ಆ ಪ್ರಶ್ನೆಯಲ್ಲೇ ಇದೆಯಲ್ಲ. 'ಹೌದು, ಅನ್ಸುತ್ತೆ' ಎಂದರೆ ಗಾಬರಿಯಾಗಬೇಡಿ. ಮಕ್ಕಳ ಮುಖ ನೋಡಿ, ದೇವರಿದ್ದಾನೆ, ನಿಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದ್ದಾರೆ, ಇಂಥ ಉಪದೇಶ ಆ ಹೊತ್ತಿಗೆ ಬೇಡ. 'ಹೇಳಿದ್ದು ಒಳ್ಳೇದಾಯ್ತು ಅಣ್ಣ. ಯಾವಾಗಿಂದ ಹಿಂಗಾಗ್ತಿದೆ?' ಎಂದು ಕೇಳಿ. ಹೇಗೆ, ಯಾವಾಗ ಎಂದು ಅವರು ಈಗಾಗಲೇ ಯೋಚಿಸಿಟ್ಟುಕೊಂಡಿದ್ದಾರೆಯೇ ಎಂಬುದನ್ನೂ ಕೇಳಿ. ಯೋಚಿಸಿಟ್ಟಿದ್ದರೆ ಅವರನ್ನು ಆ ಕ್ಷಣದಿಂದ ಒಬ್ಬರೇ ಬಿಡಬಾರದು. ಮನೆಯ ಇನ್ನೊಬ್ಬರಿಗೆ ತಿಳಿಸಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 'ಯಾರಿಗೂ ಹೇಳಬೇಡ ಅಂತ ಆಣೆ ಮಾಡು' ಎಂದರೆ ಆಣೆ ಮಾಡಬೇಡಿ. ಎಲ್ಲರಿಗೂ ಹೇಳುವುದಿಲ್ಲ, ಆದರೆ ನಿಮ್ಮ ಜೀವ ಉಳಿಸಲು ಯಾರಿಗೆ ಹೇಳಬೇಕೋ ಅವರಿಗೆ ಹೇಳುತ್ತೇನೆ ಎಂದು ಮುಖಕ್ಕೇ ಹೇಳಿ.

ಸಹಾಯವಾಣಿಯ ಮಾತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಹಣವಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತುರ್ತು ಪರಿಸ್ಥಿತಿಯಲ್ಲಿ 112, ಆಂಬ್ಯುಲೆನ್ಸಿಗೆ 108. 14416ನ್ನು ಪ್ರತಿ ಬಸ್ ತಂಗುದಾಣ, ಸೊಸೈಟಿ, ನ್ಯಾಯಬೆಲೆ ಅಂಗಡಿ, ವೈನ್ ಶಾಪಿನ ಹೊರಗೋಡೆಯಲ್ಲೂ ದೊಡ್ಡದಾಗಿ ಬರೆಸಿ. ಫ್ಲೆಕ್ಸ್ ಬೇಡ, ಪೇಂಟ್ ಮಾಡಿಸಿ, ಒಂದು ಮಳೆಗಾಲ ತಡೆಯಬೇಕಲ್ಲ. ಕರೆ ಮಾಡಲು ಧೈರ್ಯ ಸಾಲದವರಿಗೆ ಪಕ್ಕದಲ್ಲಿ ಕೂತು ನೀವೇ ಡಯಲ್ ಮಾಡಿ ಕೊಡಿ. ಎಷ್ಟೋ ಜನ ಆ ಮೊದಲ ಕರೆಯನ್ನೇ ಮಾಡಲಾರರು.

ಆದರೆ ಕೊಡಗಿನ ಮಳೆಗಾಲ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರ್ ಸತ್ತಿರುತ್ತದೆ, ತೋಟದ ಒಂಟಿ ಮನೆಯಲ್ಲಿ ವಯಸ್ಸಾದ ಇಬ್ಬರು, ಮಕ್ಕಳು ಬೆಂಗಳೂರಲ್ಲಿ. ಅಂಥ ಮನೆಗೆ ಸಹಾಯವಾಣಿ ಮುಟ್ಟುವುದಿಲ್ಲ, ಮನುಷ್ಯರೇ ಮುಟ್ಟಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಕುಸಿದವು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. ಆ ಮೇಲೆ ಜೋರು ಮಳೆಯ ಸದ್ದು ಕೇಳಿದರೇ ನಿದ್ದೆ ಬಾರದವರು ಇಂದಿಗೂ ಇದ್ದಾರೆ. ಮನೆ, ಗದ್ದೆ, ನೆರೆಹೊರೆ ಎಲ್ಲ ಕಳೆದುಕೊಂಡು ಪುನರ್ವಸತಿ ಬಡಾವಣೆಗೆ ಬಂದವರಿಗೆ ಸೂರು ಸಿಕ್ಕಿದೆ, ಆದರೆ ಹಳೆಯ ಊರಿನಲ್ಲಿ ಕೂಗಿದರೆ ಬರುತ್ತಿದ್ದ ಪಕ್ಕದ ಮನೆಯವರು ಈಗ ಪಕ್ಕದಲ್ಲಿಲ್ಲ. ಹಾಗಾಗಿ ಮಳೆಗಾಲಕ್ಕೆ ಮೊದಲೇ ಒಂದು ಪಟ್ಟಿ ಮಾಡಿ: ಒಂಟಿಯಾಗಿರುವವರು, ಈಚೆಗೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು, ದೊಡ್ಡ ಕಾಯಿಲೆಯಿಂದ ನರಳುತ್ತಿರುವವರು, ಹಿಂದೊಮ್ಮೆ ಪ್ರಯತ್ನ ಮಾಡಿದವರು. ಪಟ್ಟಿ ನಾಲ್ಕೈದು ಜನರ ಕೈ ದಾಟಬಾರದು. ವಾರಕ್ಕೊಮ್ಮೆ ಯಾರಾದರೂ ಇಬ್ಬರು ಜಗಲಿಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ಬರಲಿ.

ಈಗ ಬೀಗದ ವಿಷಯ. ಇದನ್ನು ಹೇಳಲು ಜನ ಹಿಂಜರಿಯುತ್ತಾರೆ, ಆದರೆ ಪ್ರಪಂಚದಲ್ಲಿ ಅತಿ ಹೆಚ್ಚು ಜೀವ ಉಳಿಸಿದ ಕ್ರಮ ಇದೇ. ಸಾಯಬೇಕೆನ್ನುವ ಆವೇಗ ಅಲೆಯಂತೆ ಏರಿ ಇಳಿಯುತ್ತದೆ. ಎಷ್ಟೋ ಸಲ ಅತಿ ಅಪಾಯದ ಹೊತ್ತು ಕೆಲವು ನಿಮಿಷ, ಕೆಲವು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಕೈಗೆ ಸಿಗುವ ಹಾಗೆ ಅಪಾಯದ ವಸ್ತು ಇಲ್ಲದಿದ್ದರೆ ಮನುಷ್ಯ ಬದುಕುಳಿಯುತ್ತಾನೆ. 'ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ' ಎಂಬ ಮಾತು ಹೆಚ್ಚಿನವರ ವಿಷಯದಲ್ಲಿ ನಿಜವಲ್ಲ. ಶ್ರೀಲಂಕಾದಲ್ಲಿ 1990ರ ದಶಕದ ಮಧ್ಯದಲ್ಲಿ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಂತಿತ್ತು. 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. ಮುಂದಿನ ಎರಡು ದಶಕಗಳಲ್ಲಿ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು, ವ್ಯವಸಾಯದ ಇಳುವರಿ ಬೀಳಲಿಲ್ಲ. ನಮ್ಮ ನೆರೆಯ ತಮಿಳುನಾಡಿನಲ್ಲೂ ಒಂದು ಪ್ರಯೋಗ ನಡೆದಿದೆ. ಚೆನ್ನೈಯಲ್ಲಿ 1986ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ತಂಡ ಕೆಲವು ಹಳ್ಳಿಗಳಲ್ಲಿ ಕೀಟನಾಶಕ ಇಡಲು ಊರಿಗೊಂದು ಪ್ರತ್ಯೇಕ ಕಟ್ಟಡ ಮಾಡಿದರು. ಬ್ಯಾಂಕಿನ ಲಾಕರಿನಂತೆ ಪ್ರತಿ ರೈತನಿಗೂ ಬೀಗವಿರುವ ಒಂದೊಂದು ಪೆಟ್ಟಿಗೆ. ಬೇಕಾದಾಗ ತೆಗೆದುಕೊಂಡು ಹೋಗುವುದು, ಉಳಿದದ್ದನ್ನು ವಾಪಸು ತಂದಿಡುವುದು. ರೈತರು ಇದನ್ನು ಒಪ್ಪಿದರು, ಬಳಸಿದರು.

ನಿಮ್ಮ ಊರಿಗೆ ಕಟ್ಟಡ ಬೇಕಿಲ್ಲ. ಸೊಸೈಟಿ ಗೋಡೌನಿನ ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಕಬ್ಬಿಣದ ಲಾಕರ್ ಇಡಲು ಸಾಧ್ಯವೇ ಎಂದು ಆಡಳಿತ ಮಂಡಳಿಯನ್ನು ಕೇಳಿ. ಆಗದಿದ್ದರೆ, ತೋಟದ ಮನೆಗಳಲ್ಲಿ ಈಗ ಏನಾಗುತ್ತಿದೆ ನೋಡಿ: ಕಾಫಿಗೆ, ಮೆಣಸಿಗೆ, ಗದ್ದೆಗೆ ಹೊಡೆದು ಉಳಿದ ಮದ್ದಿನ ಡಬ್ಬಿ ಹಿತ್ತಿಲ ಕಡೆಯ ಕಿಟಕಿಯ ಮೇಲೋ, ಸೌದೆ ಕೊಟ್ಟಿಗೆಯಲ್ಲೋ, ಸ್ಪ್ರೇ ಮೆಷಿನ್ನಿನ ಪಕ್ಕದಲ್ಲೋ ಮುಂದಿನ ವರ್ಷದವರೆಗೆ ಕೂತಿರುತ್ತದೆ. ಸಂಘದ ಹುಡುಗರು ಮನೆಮನೆಗೆ ಹೋಗಿ ಇದನ್ನು ಒಂದು ಪೆಟ್ಟಿಗೆಗೆ ಹಾಕಿಸಿ ಬೀಗ ಹಾಕಿಸಲಿ. ಕೀಲಿ ಮನೆಯಲ್ಲಿ ಒಬ್ಬರ ಬಳಿ ಮಾತ್ರ ಇರಲಿ, ಆ ಒಬ್ಬರು ಸಂಕಟದಲ್ಲಿರುವವರಾಗಿರಬಾರದು. ಬೇಕಾದಷ್ಟೇ ಕೊಂಡು ತಂದರೆ ಉಳಿಯುವುದೇ ಇಲ್ಲ. ನಿಮ್ಮ ಹಣದಲ್ಲಿ ಬೀಗವಿರುವ ತಗಡಿನ ಪೆಟ್ಟಿಗೆ ಕೊಳ್ಳಿ ಎನ್ನುತ್ತೇನೆ. ಇಪ್ಪತ್ತು ಮನೆಗೆ ಪೆಟ್ಟಿಗೆ ಮುಟ್ಟಿದರೂ ಅದು ದೊಡ್ಡ ಕೆಲಸವೇ. ಮನೆಯಲ್ಲಿರುವ ನಿದ್ದೆ ಮಾತ್ರೆ, ಹಳೆಯ ಔಷಧಿಗಳಿಗೂ ಇದೇ ನಿಯಮ.

ಕೋವಿಯ ಬಗ್ಗೆ ಬರೆಯದೆ ಕೊಡಗಿನಲ್ಲಿ ಈ ಉತ್ತರ ಮುಗಿಯುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೋವಿ ಇಲ್ಲಿ ಹುಟ್ಟಿನಿಂದ ಸಾವಿನವರೆಗೂ ಮನೆತನದ ಗೌರವದ ವಸ್ತು. ಅದನ್ನು ಯಾರೂ ಪ್ರಶ್ನಿಸುತ್ತಿಲ್ಲ, ನಾನಂತೂ ಪ್ರಶ್ನಿಸುವುದಿಲ್ಲ. ಗೌರವದ ವಸ್ತುವಿಗೆ ಬೀಗ ಹಾಕಿಡುವುದೂ ಗೌರವವೇ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ, ಜಾಥಾದ ದಿನ ಅದರ ಬೆನ್ನಿಗೇ ಇದೆ. ಕೋವಿಗಳನ್ನು ಇಳಿಸಿ, ಒರೆಸಿ, ತೋಕ್ ಪೂವು (ಕೋವಿ ಹೂವು) ಇಟ್ಟು ಪೂಜೆ ಮಾಡುವ ಆ ದಿನ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಹಿರಿಯ ಯಜಮಾನರಾದ ಪಟ್ಟೆದಾರರು ಒಂದು ಮಾತು ಹೇಳಲಿ: ಪೂಜೆ ಆದ ಮೇಲೆ ಕೋವಿ ಬೀರುವಿಗೆ ಹೋಗಿ ಬೀಗ ಬೀಳಬೇಕು, ಗುಂಡುಗಳು ಬೇರೆ ಕಡೆ, ಬೇರೆ ಬೀಗದಲ್ಲಿ, ಬೇರೆಯವರ ಕೀಲಿಯಲ್ಲಿ ಇರಬೇಕು. ಹಿರಿಯರ ಬಾಯಿಂದ ಬಂದರೆ ಈ ಮಾತಿಗೆ ಇರುವ ತೂಕ ಡಾಕ್ಟರ ಬಾಯಿಂದ ಬಂದರೆ ಇರುವುದಿಲ್ಲ. ಮನೆಯಲ್ಲಿ ಒಬ್ಬರು ತೀರ ಸಂಕಟದಲ್ಲಿದ್ದಾರೆ, ಕುಡಿದು ರಂಪ ಮಾಡುತ್ತಿದ್ದಾರೆ ಎಂದಾದರೆ ಆ ಕಾಲ ಕಳೆಯುವವರೆಗೆ ಕೋವಿ ಆ ಮನೆಯಲ್ಲಿ ಇರಲೇಬಾರದು. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಕೋವಿ ವ್ಯಾಪಾರಿಯ ಬಳಿ ಠೇವಣಿ ಇಡಲು ಕಾನೂನಿನಲ್ಲಿ ದಾರಿಯಿದೆ. ಇದು ಅವಮಾನದ ವಿಷಯ ಎಂದು ಯಾರಾದರೂ ಅಂದರೆ, ಒಂದು ಜೀವದ ಮುಂದೆ ಅದು ಎಷ್ಟು ಸಣ್ಣದು ಎಂದು ಆ ಮನೆಯ ಹೆಂಗಸರೇ ಹೇಳುತ್ತಾರೆ.

ತೋಟದ ಕೂಲಿಗಳು ಇರುವ ಲೈನ್ ಮನೆಗಳನ್ನು ಮರೆಯಬೇಡಿ. ನೀವು ಬರೆದ ಇಬ್ಬರಲ್ಲಿ ಕೂಲಿ ಕೆಲಸದವರು ಯಾರೂ ಇಲ್ಲ, ಆದರೆ ದೇಶದ ಲೆಕ್ಕ ಬೇರೆಯೇ ಹೇಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು, ಕರ್ನಾಟಕದಲ್ಲಿ 13,606. ದೇಶದ ಆ ಸಂಖ್ಯೆಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು, ಹತ್ತರಲ್ಲಿ ಏಳು ಮಂದಿ ಗಂಡಸರು. ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದವರು, ಬುಡಕಟ್ಟಿನವರ ವಸತಿಗಳಾದ ಹಾಡಿಗಳಿಂದ ಬರುವ ಯರವರು, ಕುರುಬರು ನಿಮ್ಮ ಸಂಘದ ಸದಸ್ಯರಲ್ಲ, ನಿಮ್ಮ ಜಾಥಾಕ್ಕೆ ಬರುವವರೂ ಅಲ್ಲ. ಅವರಿಗೆ ಹತ್ತಿರದವರು ಮೇಸ್ತ್ರಿ, ರೈಟರ್, ಆಶಾ ಕಾರ್ಯಕರ್ತೆ. ತರಬೇತಿಗೆ ಈ ಮೂವರನ್ನು ಕರೆಯಲೇಬೇಕು. ಅಸ್ಸಾಮಿ, ಬಂಗಾಳಿ ಮಾತಾಡುವವರಿಗೆ 14416ರಲ್ಲಿ ಅವರದೇ ಭಾಷೆಯಲ್ಲಿ ಮಾತು ಸಿಗುತ್ತದೆ ಎನ್ನುವುದನ್ನು ಲೈನಿನ ಗೋಡೆಯ ಮೇಲೆ ಅವರ ಲಿಪಿಯಲ್ಲೇ ಬರೆಸಿ.

ಮಕ್ಕಳ ವಿಷಯ ಚಿಕ್ಕದಾಗಿ. ಯುರೋಪಿನ ಹತ್ತು ದೇಶಗಳ ಶಾಲೆಗಳಲ್ಲಿ 11,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮಕ್ಕಳು ತಾವೇ ಪಾತ್ರ ವಹಿಸಿ, ಚರ್ಚಿಸಿ ಕಲಿಯುವ ಕೆಲವೇ ಗಂಟೆಗಳ ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಒಂದು ವರ್ಷದ ನಂತರ ಆತ್ಮಹತ್ಯೆಯ ಪ್ರಯತ್ನಗಳು ಅದು ನಡೆಯದ ಶಾಲೆಗಳ ಅರ್ಧದಷ್ಟಿದ್ದವು. ಭಾಷಣಕ್ಕೆ ಆ ಶಕ್ತಿ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬರುವ ದಿನ ನಿಮ್ಮ ಸಂಘಕ್ಕೆ ಜಾಥಾದ ದಿನಕ್ಕಿಂತ ಮುಖ್ಯವಾಗಲಿ. ಆ ದಿನ ಪಾಸಾದವರ ಫ್ಲೆಕ್ಸ್ ಹಾಕುವ ಮೊದಲು ಪಾಸಾಗದ ಮಕ್ಕಳ ಮನೆಗೆ ಹೋಗಿ. ನಮ್ಮ ರಾಜ್ಯದಲ್ಲಿ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಸಿಗುತ್ತದೆ. ಇದು ತಂದೆತಾಯಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಅಂದು ರಾತ್ರಿಯ ಬೈಗುಳ ಅದು ಗೊತ್ತಿಲ್ಲದ್ದರಿಂದಲೇ ಬರುತ್ತದೆ.

ಪೊಲೀಸರ ಭಯದ ಬಗ್ಗೆ ಕೇಳಿದ್ದೀರಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ಬೇರೆ ರೀತಿ ಸಾಬೀತಾಗದ ಹೊರತು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ವಿಚಾರಣೆಗೆ ಗುರಿಮಾಡಿ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲವೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುವ ಪದ್ಧತಿ ಇದೆ, ಹೇಳಿಕೆ ಬರೆದುಕೊಳ್ಳಲು ಯಾರಾದರೂ ಬರಬಹುದು. ಅದು ಶಿಕ್ಷೆಯಲ್ಲ. ಕೇಸಿಗೆ ಹೆದರಿ ಮನೆಯಲ್ಲೇ ಏನೇನೋ ಮಾಡುತ್ತಾ ಕೂತು ಆಸ್ಪತ್ರೆಗೆ ತಡವಾಗಿ ಬರುವುದಿದೆಯಲ್ಲ, ಅದು ಜೀವ ತೆಗೆಯುತ್ತದೆ. ನಿಮ್ಮ ಭಾಷಣದಲ್ಲಿ ಒಂದೇ ಒಂದು ವಿಷಯ ಹೇಳಲು ಸಮಯವಿದ್ದರೆ ಇದನ್ನು ಹೇಳಿಸಿ.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲಿನ ದಿನಗಳು ಬಹಳ ಸೂಕ್ಷ್ಮ. ದೇಹ ಸುಧಾರಿಸಿದೆ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಆದರೆ ಸಾಲ, ಜಗಳ, ಕಾಯಿಲೆ ಅಲ್ಲೇ ಇರುತ್ತವೆ. ಅದರ ಮೇಲೆ ಊರ ನಾಚಿಕೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು, ಅದರಲ್ಲಿ ಚೆನ್ನೈಯೂ ಒಂದು ಕೇಂದ್ರ. ಪ್ರಯತ್ನ ಮಾಡಿ ತುರ್ತು ವಿಭಾಗಕ್ಕೆ ಬಂದ 1,867 ಜನರಲ್ಲಿ ಅರ್ಧ ಮಂದಿಗೆ ಎಂದಿನ ಚಿಕಿತ್ಸೆ. ಉಳಿದ ಅರ್ಧಕ್ಕೆ ಅದರ ಜೊತೆಗೆ ಒಂದು ಗಂಟೆಯ ತಿಳಿವಳಿಕೆ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಹದಿನೆಂಟು ತಿಂಗಳ ಕೊನೆಯಲ್ಲಿ ಆತ್ಮಹತ್ಯೆಯಿಂದಾದ ಸಾವು ಮೊದಲ ಗುಂಪಿನಲ್ಲಿ 2.2 ಶೇಕಡಾ, ಎರಡನೆಯದರಲ್ಲಿ 0.2. ಔಷಧಿ ಬದಲಾಗಿರಲಿಲ್ಲ. ಯಾರೋ ಒಬ್ಬರು ಮತ್ತೆ ಮತ್ತೆ ಬಂದು 'ಹೇಗಿದ್ದೀರಿ' ಎಂದು ಕೇಳಿದ್ದೇ ವ್ಯತ್ಯಾಸ. ಇದಕ್ಕೆ ನಿಮ್ಮ ಸಂಘದ ಹುಡುಗರಿಗಿಂತ ಬೇರೆ ಯಾರೂ ಬೇಕಿಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಹೋಗಿ, ಆಮೇಲೆ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ. ಹೋದಾಗ ಆ ಘಟನೆಯ ಮಾತೇ ಆಡಬೇಕೆಂದಿಲ್ಲ. ಹಾಕಿ ಆಡೋಕೆ ಕರೆಯಿರಿ, ಕಣದಲ್ಲಿ ಕಾಫಿ ಒಣಗಿಸಲು ಕೈ ಹಾಕಿ, ಡಾಕ್ಟರ ಬಳಿ ಮುಂದಿನ ತಾರೀಕು ಯಾವಾಗ ಎಂದು ಕೇಳಿ, ಬೇಕಿದ್ದರೆ ಜೊತೆಗೆ ಹೋಗಿ ಬನ್ನಿ. ಖಿನ್ನತೆಯ ಮಾತ್ರೆಗಳ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ಆ ಮಧ್ಯದಲ್ಲಿ 'ಏನೂ ಪ್ರಯೋಜನ ಇಲ್ಲ' ಎಂದು ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ತೀರಿಕೊಂಡ ಆ ಇಬ್ಬರ ಮನೆಗಳಿಗೂ ಇದೇ ರೀತಿ ಹೋಗಬೇಕು. ನಿಮ್ಮ ಪತ್ರದಲ್ಲಿ ಅವರ ಮನೆಯವರ ಬಗ್ಗೆ ಒಂದು ಮಾತೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಇಂಥ ಸಾವಿನ ಮನೆಯವರೂ ಅಪಾಯದಲ್ಲಿರುತ್ತಾರೆ. ಹನ್ನೊಂದನೇ ದಿನದ ನಂತರ ಜನ ಬರುವುದು ನಿಲ್ಲುತ್ತದೆ, ಹೆಂಡತಿಯ ಮೇಲೆ, ತಾಯಿಯ ಮೇಲೆ 'ಇವಳಿಂದಲೇ' ಎನ್ನುವ ಪಿಸುಮಾತು ಶುರುವಾಗುತ್ತದೆ. ಜಾಥಾ ಮಾಡುವ ಮೊದಲೇ ಆ ಎರಡು ಮನೆಗೆ ಹೋಗಿ, ಏನು ಮಾಡಬೇಕೆಂದಿದ್ದೀರಿ ಎಂದು ಹೇಳಿ, ಅವರ ಒಪ್ಪಿಗೆ ಕೇಳಿ. ಬೇಡವೆಂದರೆ ಜಾಥಾ ಆ ರಸ್ತೆಯಲ್ಲಿ ಹೋಗದಿರಲಿ. ಸುಗ್ಗಿಯ ಹಬ್ಬ ಪುತ್ತರಿ ಬರುತ್ತದೆ, ಹಬ್ಬದ ದಿನ ಆ ಮನೆಯಲ್ಲಿ ದೀಪ ಹಚ್ಚಲೂ ಮನಸ್ಸಿರುವುದಿಲ್ಲ, ಆವತ್ತು ಇಬ್ಬರು ಹೋಗಿ ಕೂತು ಬನ್ನಿ. ಭಾಷಣದಲ್ಲಿ ಬೇಡ ಎಂದೆನಲ್ಲ, ಆದರೆ ಆ ಮನೆಯೊಳಗೆ ತೀರಿಕೊಂಡವರ ಹೆಸರು ಹೇಳಲು ಹೆದರಬೇಡಿ. ಅವರು ಚೆನ್ನಾಗಿದ್ದ ಕಾಲದ ಮಾತು ಬಂದರೆ ಮನೆಯವರಿಗೆ ಸಮಾಧಾನವೇ ಆಗುತ್ತದೆ.

ಕೊನೆಯದಾಗಿ ನಿಮ್ಮ ಬಗ್ಗೆ. ಇಂಥ ಕೆಲಸಕ್ಕೆ ಇಳಿದವರೇ ಕೆಲವೊಮ್ಮೆ ಕುಗ್ಗಿಹೋಗುತ್ತಾರೆ. ಆ ಹುಡುಗ ನಿಮ್ಮ ಜೊತೆ ಆಡಿ ಬೆಳೆದವನೂ ಇರಬಹುದು. ಯಾವ ಮನೆಗೂ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ತಿಂಗಳಿಗೊಮ್ಮೆ ತರಬೇತಿ ಪಡೆದವರೆಲ್ಲ ಒಂದು ಸಂಜೆ ಕೂತು, ಯಾರ ಹೆಸರನ್ನೂ ಹೊರಗೆ ಬಿಡದೆ, ಏನು ನಡೆಯಿತು, ಎಲ್ಲಿ ಕಷ್ಟವಾಯಿತು ಎಂದು ಮಾತಾಡಿ. ಜಿಲ್ಲಾ ತಂಡದ ಆಪ್ತಸಮಾಲೋಚಕರ ಫೋನ್ ನಂಬರನ್ನು ತರಬೇತಿಯ ದಿನವೇ ಬರೆದುಕೊಳ್ಳಿ. ನಿಮಗೇ ನಿದ್ದೆ ಬಾರದಿದ್ದರೆ, ಎಲ್ಲ ಸಾಕು ಎನ್ನಿಸಿದರೆ, 14416 ನಿಮಗೂ ಇದೆ. ಆಗಸ್ಟ್ ಮುಗಿಯುವ ಮೊದಲೇ ಮಡಿಕೇರಿಗೆ ಹೋಗಿ ಮನವಿ ಕೊಟ್ಟು ಬನ್ನಿ. ಸೆಪ್ಟೆಂಬರ್ ಎರಡನೇ ವಾರದಲ್ಲಿ ಎಲ್ಲ ಕಡೆಯಿಂದಲೂ ಕರೆ ಬರುತ್ತದೆ, ಆಮೇಲೆ ದಿನ ಸಿಗುವುದು ಕಷ್ಟ.